ಸ್ವಂತ ಕೈಯಿಂದ ಬರೆದ ವೆಬ್ ಸರ್ವರ್: ಹೆಡರ್ ಎಲ್ಲಿ ತಪ್ಪುತ್ತದೆ?

ಈ ಬಾರಿ ಬಂದ ಪತ್ರಗಳಲ್ಲಿ ದೊಡ್ಡ ಪಾಲು ಒಂದೇ ಕೆಲಸಕ್ಕೆ ಸಂಬಂಧಿಸಿದ್ದು. ಸಾಕೆಟ್ ತೆರೆದು, ಕೋರಿಕೆ ಓದಿ, ಉತ್ತರ ಕಳುಹಿಸುವ ಪುಟ್ಟ ವೆಬ್ ಸರ್ವರನ್ನು ತಾವೇ ಬರೆದವರು ಬ್ರೌಸರಿನಲ್ಲಿ ಏನೋ ವಿಚಿತ್ರ ಕಂಡು ನಿಂತಿದ್ದಾರೆ. ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ, ಆದ್ದರಿಂದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಹೆಡರ್ ಎಂದರೆ ಕೋರಿಕೆ, ಉತ್ತರಗಳ ಮೊದಲಿಗೆ ಹೋಗುವ ವಿವರದ ಸಾಲುಗಳು. ಆಜ್ಞೆಗಳೂ ಹೆಡರ್ ಹೆಸರುಗಳೂ ಇಲ್ಲಿ ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ರೋಮನ್ ಲಿಪಿಯನ್ನೇ ಬಳಸಬೇಕು.

ಪ್ರಶ್ನೆ: ಮೇಡಂ, ಪೈಥಾನಿನಲ್ಲಿ ಸಾಕೆಟ್ ಬಳಸಿ ಚಿಕ್ಕ ಸರ್ವರ್ ಬರೆದಿದ್ದೇನೆ. ಎಚ್1 ಟ್ಯಾಗಿನೊಳಗೆ ಇಂಗ್ಲಿಷ್ ಪದ ಹಾಕಿದರೆ ಪುಟ ಸರಿಯಾಗಿ ಬರುತ್ತದೆ. ಅದೇ ಜಾಗದಲ್ಲಿ ‘ನಮಸ್ಕಾರ’ ಎಂದು ಹಾಕಿದರೆ ‘ನಮಸ್’ ಎಂದಷ್ಟೇ ಕಾಣುತ್ತದೆ. ಪುಟದ ಉದ್ದ ಹೇಳುವ ಕಂಟೆಂಟ್-ಲೆಂಗ್ತ್ ಹೆಡರಿನ ಸಂಖ್ಯೆಯನ್ನು ಲೆನ್ ಫಂಕ್ಷನ್ನಿನಿಂದಲೇ ಪಡೆಯುತ್ತಿದ್ದೇನೆ. ಬ್ರೌಸರಿಗೆ ಒತ್ತಕ್ಷರ ತಿಳಿಯುತ್ತಿಲ್ಲವೇ? ಫಾಂಟ್ ಬದಲಿಸಬೇಕೇ?

ಫಾಂಟನ್ನು ಮುಟ್ಟಬೇಡಿ, ಒತ್ತಕ್ಷರದ ಮೇಲೂ ಅನುಮಾನ ಬೇಡ. ಪುಟ ‘ನಮಸ್’ ಎಂಬಲ್ಲಿಗೇ ಏಕೆ ನಿಂತಿತು, ಒಂದಕ್ಷರ ಹಿಂದೆಯೋ ಮುಂದೆಯೋ ಏಕೆ ನಿಲ್ಲಲಿಲ್ಲ ಎಂದು ಕೇಳಿಕೊಳ್ಳಿ. ತುಂಡಾದ ಪುಟ ಎದುರಾದಾಗಲೆಲ್ಲ ನಾನು ಮೊದಲು ಮಾಡುವುದು ಇದನ್ನೇ: ತುಂಡಾದ ಜಾಗದವರೆಗೆ ಬೈಟುಗಳನ್ನು ಎಣಿಸುತ್ತೇನೆ. ಆ ಎಣಿಕೆ ಬಹಳ ಸಲ ಅಪರಾಧಿಯ ಹೆಸರನ್ನೇ ಹೇಳಿಬಿಡುತ್ತದೆ.

‘ನಮಸ್ಕಾರ’ವನ್ನು ಕಣ್ಣು ನಾಲ್ಕು ಅಕ್ಷರವಾಗಿ ಓದುತ್ತದೆ: ನ, ಮ, ಸ್ಕಾ, ರ. ಯೂನಿಕೋಡ್ ಅದನ್ನು 7 ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ನ, ಮ, ಸ, ಹಲಂತ ಚಿಹ್ನೆ, ಕ, ದೀರ್ಘದ ಚಿಹ್ನೆ, ರ. ಪೈಥಾನಿನ ಲೆನ್ ಒಂದು ಸ್ಟ್ರಿಂಗಿನಲ್ಲಿ ಎಣಿಸುವುದು ಈ ಸಂಕೇತಗಳನ್ನು. ಆದರೆ ತಂತಿಯ ಮೇಲೆ ಹೊರಡುವುದು ಸಂಕೇತಗಳಲ್ಲ, ಬೈಟುಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಹಲಂತಕ್ಕೂ ಅಷ್ಟೇ, ದೀರ್ಘಕ್ಕೂ ಅಷ್ಟೇ. ಹೀಗಾಗಿ ‘ನಮಸ್ಕಾರ’ 21 ಬೈಟ್.

ಈಗ ನಿಮ್ಮ ಪುಟವನ್ನು ಕೂಡಿಸಿ ನೋಡೋಣ. ತೆರೆಯುವ ಎಚ್1 ಟ್ಯಾಗ್ 4 ಬೈಟ್, ಮುಚ್ಚುವ ಟ್ಯಾಗ್ 5. ಲೆನ್ ಹೇಳಿದ ಒಟ್ಟು 4, 7, 5 ಸೇರಿ 16. ನಿಜವಾಗಿ ಹೊರಟದ್ದು 4, 21, 5 ಸೇರಿ 30. ಹೆಡರಿನಲ್ಲಿ 16 ಎಂದು ಓದಿದ ಬ್ರೌಸರ್ ಸರಿಯಾಗಿ 16 ಬೈಟ್ ತೆಗೆದುಕೊಂಡಿತು: ಟ್ಯಾಗಿಗೆ 4, ಉಳಿದ 12ರಲ್ಲಿ ನಾಲ್ಕು ಸಂಕೇತ, ಅಂದರೆ ನ, ಮ, ಸ ಮತ್ತು ಹಲಂತ. ‘ನಮಸ್’! ನೀವು ಹೇಳಿದ್ದನ್ನು ಬ್ರೌಸರ್ ಅಕ್ಷರಶಃ ಪಾಲಿಸಿದೆ. ಇಂಗ್ಲಿಷ್ ಅಕ್ಷರಗಳಿಗೆ ಒಂದೊಂದೇ ಬೈಟ್ ಸಾಕಾಗುವುದರಿಂದ ಅಲ್ಲಿ ಎರಡೂ ಎಣಿಕೆ ಹೊಂದಿಕೊಂಡವು, ದೋಷ ಅಡಗಿಯೇ ಉಳಿಯಿತು. ಇಂಗ್ಲಿಷ್ ಪುಟಗಳಿಂದಷ್ಟೇ ಪರೀಕ್ಷಿಸಿದ ಸರ್ವರನ್ನು ನಾನು ಪರೀಕ್ಷಿಸಿದ ಸರ್ವರ್ ಎಂದು ಒಪ್ಪುವುದಿಲ್ಲ.

ಪರಿಹಾರ ಸರಳ. ಪುಟದ ಪಠ್ಯವನ್ನು ಮೊದಲು ಎನ್‌ಕೋಡ್ ಮಾಡಿ ಬೈಟುಗಳಾಗಿಸಿ, ಆ ಬೈಟುಗಳ ಮೇಲೆ ಲೆನ್ ಹಾಕಿ, ಅದೇ ಬೈಟುಗಳನ್ನು ಕಳುಹಿಸಿ. ಎಣಿಸುವುದು ಒಂದನ್ನು, ಕಳುಹಿಸುವುದು ಇನ್ನೊಂದನ್ನು ಎಂದಾಗಬಾರದು. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವವರಿಗೂ ಇದೇ ಎಚ್ಚರಿಕೆ ಬೇಕು, ಅಲ್ಲಿನ ಲೆಂಗ್ತ್ ಕೂಡ ಬೈಟುಗಳ ಎಣಿಕೆಯಲ್ಲ. ಸಿ ಭಾಷೆಯ ಸ್ಟ್ರ್‌ಲೆನ್, ಗೋ ಭಾಷೆಯ ಲೆನ್ ಬೈಟುಗಳನ್ನೇ ಎಣಿಸುವುದರಿಂದ ಅವುಗಳಲ್ಲಿ ಈ ತೊಂದರೆ ಬರುವುದಿಲ್ಲ.

ಇನ್ನೊಂದು ಮಾತು. ಮಿಕ್ಕ 14 ಬೈಟ್ ಎಲ್ಲಿಗೆ ಹೋದವು? ಎಚ್‌ಟಿಟಿಪಿ 1.1ರಲ್ಲಿ (ಬ್ರೌಸರ್, ಸರ್ವರ್ ಮಾತಾಡುವ ನಿಯಮಾವಳಿ) ಬೇರೆ ಏನೂ ಹೇಳದಿದ್ದರೆ ಸಂಪರ್ಕ ತೆರೆದೇ ಇರುತ್ತದೆ, ಮುಂದಿನ ಉತ್ತರವೂ ಅದೇ ಸಂಪರ್ಕದಲ್ಲಿ ಬರಬಹುದು. ಆಗ ‘ಕಾರ’ ಮತ್ತು ಮುಚ್ಚುವ ಟ್ಯಾಗ್ ಮುಂದಿನ ಉತ್ತರದ ಸ್ಥಿತಿ ಸಾಲಿನ (ಆವೃತ್ತಿ ಮತ್ತು 200ರಂಥ ಸಂಖ್ಯೆ ಹೇಳುವ ಮೊದಲ ಸಾಲು) ಮುಂದೆ ಬಂದು ಕೂರುತ್ತವೆ. ಮೊದಲ ಪುಟ ತುಂಡಾಗಿ, ಎರಡನೆಯ ಪುಟ ಸುಮ್ಮನೆ ಮುರಿದುಬೀಳುತ್ತದೆ. ನೀವು ಎರಡನೆಯ ಪುಟದ ಕೋಡನ್ನು ತಡಕಾಡುತ್ತಾ ಕೂರುತ್ತೀರಿ. ಸರ್ವರ್ ಇನ್ನೂ ಎಳೆಯದಾಗಿರುವಾಗ ಪ್ರತಿ ಉತ್ತರದಲ್ಲೂ ‘ಕನೆಕ್ಷನ್: ಕ್ಲೋಸ್’ ಎಂಬ ಹೆಡರ್ ಹಾಕಿ ಸಂಪರ್ಕ ಮುಚ್ಚಿಬಿಡಿ. ಒಂದು ಉತ್ತರದ ತಪ್ಪು ಆ ಉತ್ತರದಲ್ಲೇ ಉಳಿಯುತ್ತದೆ.

ಪ್ರಶ್ನೆ: ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಹೆಡರ್‌ಗಳೆಲ್ಲ ಸರಿಯಾಗಿಯೇ ಕಾಣುತ್ತವೆ, ಪುಟವೂ ಬರುತ್ತದೆ. ಆದರೆ ಸರ್ವರಿನ ಉತ್ತರವನ್ನು ಟರ್ಮಿನಲ್ಲಿಗೆ ತರುವ ಕರ್ಲ್ ಆಜ್ಞೆಯಿಂದ ನೋಡಿದರೆ ‘ಎಚ್‌ಟಿಟಿಪಿ 0.9 ಬಂದಿದೆ, ಅದಕ್ಕೆ ಅನುಮತಿಯಿಲ್ಲ’ ಎಂಬ ಅರ್ಥದ ದೋಷ ಬರುತ್ತದೆ. ನಾನು ಸ್ಪಷ್ಟವಾಗಿ 1.1 ಎಂದು ಬರೆದಿದ್ದೇನೆ. ಹೆಡರ್‌ಗಳನ್ನು ಮೂರು ಉದ್ಧರಣ ಚಿಹ್ನೆಗಳ ನಡುವೆ ಒಂದರ ಕೆಳಗೊಂದು ಬರೆದಿದ್ದೇನೆ. ಯಾರನ್ನು ನಂಬಲಿ?

ಕರ್ಲನ್ನು. ಅದಕ್ಕಿಂತ ಹೆಚ್ಚಾಗಿ, ಬೈಟುಗಳನ್ನು.

ಬ್ರೌಸರ್ ಎಂದರೆ ಮೊಮ್ಮಗಳ ಪತ್ರದ ಕಾಗುಣಿತದ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದುವ ಅಜ್ಜನ ಹಾಗೆ. ಜಗತ್ತಿನ ಕೆಟ್ಟ ಸರ್ವರ್‌ಗಳ ಜೊತೆ ವರ್ಷಗಟ್ಟಲೆ ಏಗಿ ಅದಕ್ಕೆ ತಾಳ್ಮೆ ಬಂದಿದೆ. ಡೆವಲಪರ್ ಟೂಲ್ಸ್ ನಿಮಗೆ ತೋರಿಸುವುದು ಬ್ರೌಸರ್ ಅರ್ಥಮಾಡಿಕೊಂಡದ್ದನ್ನು, ನೀವು ಕಳುಹಿಸಿದ್ದನ್ನಲ್ಲ. ಸಾಲಿನ ಕೊನೆಯಲ್ಲಿ ಯಾವ ಬೈಟ್ ಇತ್ತು, ಮೊದಲ ಸಾಲಿಗೆ ಮುಂಚೆ ಏನಿತ್ತು ಎಂಬುದೆಲ್ಲ ಅಲ್ಲಿಗೆ ಬರುವ ಹೊತ್ತಿಗೆ ತೊಳೆದುಹೋಗಿರುತ್ತದೆ. ದೋಷ ಹುಡುಕುವವರಿಗೆ ಬೇಕಾದದ್ದು ತೊಳೆಯುವ ಮುಂಚಿನ ಸ್ಥಿತಿ.

ನಿಮ್ಮ ಕೋಡಿಗೆ ಬರೋಣ. ಮೂರು ಉದ್ಧರಣ ಚಿಹ್ನೆ ಹಾಕಿ, ಎಂಟರ್ ಒತ್ತಿ, ಆಮೇಲೆ ಸ್ಥಿತಿ ಸಾಲು ಬರೆದಿದ್ದೀರಿ. ಆ ಎಂಟರ್ ಕೂಡ ಸ್ಟ್ರಿಂಗಿನ ಭಾಗ. ಹೀಗಾಗಿ ನಿಮ್ಮ ಉತ್ತರದ ಮೊದಲ ಬೈಟ್ ಹೊಸ ಸಾಲಿನ ಬೈಟ್, ಸ್ಥಿತಿ ಸಾಲು ಎರಡನೆಯದಾಯಿತು. ಮೊದಲ ಸಾಲಿನಲ್ಲಿ ಎಚ್‌ಟಿಟಿಪಿ ಎಂಬ ಅಕ್ಷರಗಳನ್ನು ಕಾಣದ ಕರ್ಲ್, ಇದು 1991ರ ಮೊಟ್ಟಮೊದಲ ನಮೂನೆಯ ಉತ್ತರವಿರಬೇಕು ಎಂದು ಭಾವಿಸಿತು. ಆ ನಮೂನೆಯಲ್ಲಿ ಹೆಡರ್ ಎಂಬುದೇ ಇರಲಿಲ್ಲ. ಒಂದು ಸಾಲಿನ ಕೋರಿಕೆ ಹೋಗುತ್ತಿತ್ತು, ನೇರವಾಗಿ ಪುಟ ಬರುತ್ತಿತ್ತು, ಸಂಪರ್ಕ ಮುಚ್ಚುತ್ತಿತ್ತು. 2019ರ 7.66.0 ಆವೃತ್ತಿಯಿಂದ ಕರ್ಲ್ ತಾನಾಗಿ ಅಂಥ ಉತ್ತರವನ್ನು ಒಪ್ಪುವುದಿಲ್ಲ. ಪೈಥಾನಿನ ಎಚ್‌ಟಿಟಿಪಿ.ಸರ್ವರ್ ಮಾಡ್ಯೂಲ್ ಬಳಸುವವರು ‘ಎಂಡ್ ಹೆಡರ್ಸ್’ ಕರೆಯನ್ನು ಮರೆತರೂ ಇದೇ ದೋಷ ಕಾಣುತ್ತದೆ: ಹೆಡರ್‌ಗಳು ಬಫರಿನಲ್ಲೇ ಉಳಿದು, ಪುಟ ಮೊದಲು ಹೊರಟುಬಿಟ್ಟಿರುತ್ತದೆ.

ಇದೇ ಸ್ಟ್ರಿಂಗನ್ನು ನಾಳೆ ನೀವು ಒಂದು ಫಂಕ್ಷನ್ನಿನೊಳಗೆ ಇಟ್ಟರೆ ಇನ್ನೂ ಕೆಟ್ಟದ್ದು ಕಾದಿದೆ. ಅಂದಕ್ಕೆಂದು ಬಿಟ್ಟ ಎಡಗಡೆಯ ಜಾಗವೂ ಸ್ಟ್ರಿಂಗಿನೊಳಗೆ ಸೇರುತ್ತದೆ. ಸ್ಥಿತಿ ಸಾಲಿನ ಬೆನ್ನಿಗೆ ಖಾಲಿ ಜಾಗದಿಂದ ಶುರುವಾಗುವ ಸಾಲುಗಳು ಬಂದರೆ ಅವುಗಳನ್ನು ಓದದೆ ಕಡೆಗಣಿಸಬೇಕು, ಇಲ್ಲವೇ ಇಡೀ ಸಂದೇಶವನ್ನೇ ತಿರಸ್ಕರಿಸಬೇಕು ಎನ್ನುತ್ತದೆ ಇಂಟರ್ನೆಟ್ ನಿಯಮಗಳ ದಾಖಲೆಯಾದ 2022ರ ಆರ್‌ಎಫ್‌ಸಿ 9112. ಮೊದಲ ಹೆಡರಿನ ನಂತರ ಬಂದರೆ ಅವು ಹಿಂದಿನ ಹೆಡರಿನ ಮುಂದುವರಿಕೆ ಎಂದಾಗುತ್ತದೆ. ಇದು ಹಳೆಯ ಪದ್ಧತಿ, ಈಗ ಬಳಸಬಾರದು. ನಾಲ್ಕು ಸ್ಪೇಸ್ ಇರುವ ‘ಖಾಲಿ’ ಸಾಲು ಖಾಲಿ ಸಾಲೂ ಅಲ್ಲ, ಆದ್ದರಿಂದ ಹೆಡರ್ ಎಲ್ಲಿ ಮುಗಿಯಿತು ಎಂಬುದೂ ತಪ್ಪುತ್ತದೆ.

ಮೂರು ಉದ್ಧರಣ ಚಿಹ್ನೆಯನ್ನು ಹೆಡರಿಗೆ ಬಳಸಲೇಬೇಡಿ. ಪ್ರತಿ ಸಾಲನ್ನೂ ಒಂದು ಪಟ್ಟಿಯಲ್ಲಿ ಇಟ್ಟು, ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್ ಎಂಬ ಜೋಡಿಯಿಂದ, ಅಂದರೆ 13 ಮತ್ತು 10 ಎಂಬ ಬೈಟುಗಳಿಂದ ಸೇರಿಸಿ. ಕೊನೆಯ ಸಾಲಿಗೆ ಆ ಜೋಡಿಯನ್ನು ಎರಡು ಸಲ ಹಾಕಿ. ಬರೇ 10 ಇದ್ದರೂ ಸಾಲು ಮುಗಿದಂತೆ ಭಾವಿಸಬಹುದು ಎಂದು ಓದುವವರಿಗೆ ಸಡಿಲಿಕೆ ಇದೆ. ಬರೆಯುವವರಿಗೆ ಆ ಸಡಿಲಿಕೆ ಇಲ್ಲ.

ನೋಡುವ ಬಗೆ ಹೀಗೆ. ಕರ್ಲಿಗೆ ಹೈಫನ್ ಸಣ್ಣ ಐ ಕೊಟ್ಟರೆ ಹೆಡರ್ ಮತ್ತು ಪುಟ ಎರಡೂ ಬರುತ್ತವೆ. ಅದನ್ನು ಪೈಪ್ ಮೂಲಕ, ಬೈಟುಗಳನ್ನು ಒಂದೊಂದಾಗಿ ತೋರಿಸುವ ಓಡಿ ಎಂಬ ಆಜ್ಞೆಗೆ ಹೈಫನ್ ಸಿ ಹಾಕಿ ಕಳುಹಿಸಿ. ಸಾಲಿನ ಕೊನೆಯ ಎರಡು ಬೈಟುಗಳು ಹಿಂಬಾಗಿದ ಗೆರೆ ಆರ್, ಹಿಂಬಾಗಿದ ಗೆರೆ ಎನ್ ಎಂದು ಬಿಡಿಬಿಡಿಯಾಗಿ ಕಾಣುತ್ತವೆ. ಕರ್ಲ್ ದೋಷ ಹೇಳಿ ನಿಂತುಬಿಟ್ಟರೆ ನೆಟ್‌ಕ್ಯಾಟ್ ಬಳಸಿ. ಅದು ಏನನ್ನೂ ಅರ್ಥೈಸಲು ಹೋಗುವುದಿಲ್ಲ, ಬಂದದ್ದನ್ನು ಬಂದ ಹಾಗೆ ಕೊಡುತ್ತದೆ. ಕೋರಿಕೆಯನ್ನು ಪ್ರಿಂಟ್‌ಎಫ್ ಆಜ್ಞೆಯಿಂದ ಬರೆದು ಅದಕ್ಕೆ ಉಣಿಸಿ. ನಾನು ಕೆಲಸ ಕಲಿತದ್ದು ಯಂತ್ರಗಳ ಸೀರಿಯಲ್ ತಂತಿಯ ಮೇಲೆ ಹೋಗುವ ಬೈಟುಗಳನ್ನು ಓದುತ್ತಾ, ಹಾಗಾಗಿ ಇಂದಿಗೂ ಹೊಸ ಸರ್ವರ್ ಎದುರಾದರೆ ಬ್ರೌಸರ್ ತೆರೆಯುವ ಮುನ್ನ ಈ ಓಡಿ ಆಜ್ಞೆಯನ್ನೇ ತೆರೆಯುತ್ತೇನೆ.

ಕರ್ಲಿಗೆ ಹೈಫನ್ ದೊಡ್ಡ ಐ ಕೊಟ್ಟರೆ ಹೆಡರ್ ಮಾತ್ರ ಬರುತ್ತದೆ ಎಂದು ಹಲವರು ಅದನ್ನೇ ಬಳಸುತ್ತಾರೆ. ಅದು ಪುಟ ಕೇಳುವ ಗೆಟ್ ಬದಲಿಗೆ ಹೆಡ್ ಎಂಬ ಬೇರೆಯೇ ಕೋರಿಕೆ ಕಳುಹಿಸುತ್ತದೆ ಎಂಬುದು ನೆನಪಿರಲಿ. ಹೆಡ್ ಕೋರಿಕೆಗೆ ಪುಟವನ್ನು ಕಳುಹಿಸಲೇಬಾರದು. ನಿಮ್ಮ ಸರ್ವರಿಗೆ ಹೆಡ್ ಗೊತ್ತಿಲ್ಲದಿದ್ದರೆ ನೀವು ಪರೀಕ್ಷಿಸುತ್ತಿರುವುದು ಬ್ರೌಸರ್ ನೋಡುವ ದಾರಿಯನ್ನಲ್ಲ.

ಪ್ರಶ್ನೆ: ವಿಂಡೋಸ್‌ನಲ್ಲಿ ನನ್ನ ಸರ್ವರ್ ಪುಟವನ್ನು ಪೂರ್ತಿ ತೋರಿಸುತ್ತದೆ, ಆದರೆ ಬ್ರೌಸರಿನ ಚಕ್ರ ತಿರುಗುತ್ತಲೇ ಇರುತ್ತದೆ. ಅದೇ ಕೋಡ್ ಲಿನಕ್ಸ್‌ನಲ್ಲಿ ಸರಿಯಾಗಿದೆ. ಕಂಟೆಂಟ್-ಲೆಂಗ್ತ್ ತಪ್ಪಬಾರದೆಂದು ಫೈಲಿನ ಗಾತ್ರವನ್ನು ಆಪರೇಟಿಂಗ್ ಸಿಸ್ಟಂನಿಂದಲೇ ಕೇಳಿ ಹಾಕಿದ್ದೇನೆ.

ಫೈಲನ್ನು ಟೆಕ್ಸ್ಟ್ ಬಗೆಯಲ್ಲಿ ತೆರೆದಿದ್ದೀರಿ, ಅಲ್ಲವೇ? ವಿಂಡೋಸ್‌ನ ಎಡಿಟರ್ ಉಳಿಸಿದ ಫೈಲಿನಲ್ಲಿ ಸಾಮಾನ್ಯವಾಗಿ ಪ್ರತಿ ಸಾಲಿನ ಕೊನೆಗೂ 13, 10 ಎಂಬ ಎರಡು ಬೈಟ್ ಇರುತ್ತವೆ. ಡಿಸ್ಕಿನ ಗಾತ್ರ ಎರಡನ್ನೂ ಎಣಿಸುತ್ತದೆ. ಟೆಕ್ಸ್ಟ್ ಬಗೆಯಲ್ಲಿ ಓದುವಾಗ ಪೈಥಾನ್ ಆ ಜೋಡಿಯನ್ನು ಒಂದೇ 10 ಆಗಿಸುತ್ತದೆ. ಪುಟದಲ್ಲಿ 40 ಸಾಲು ಇದ್ದರೆ ನೀವು ಹೇಳಿದ್ದಕ್ಕಿಂತ 40 ಬೈಟ್ ಕಡಿಮೆ ಕಳುಹಿಸಿದಂತಾಯಿತು. ಬಾರದ ಆ 40 ಬೈಟಿಗಾಗಿ ಬ್ರೌಸರ್ ಕಾಯುತ್ತಿದೆ. ಈಗ ಸಂಪರ್ಕ ಮುಚ್ಚಿ ನೋಡಿ: ಕ್ರೋಮ್ ಆದರೆ ಕಂಟೆಂಟ್ ಲೆಂಗ್ತ್ ಹೊಂದುತ್ತಿಲ್ಲ ಎಂಬ ದೋಷವನ್ನು ಕನ್ಸೋಲಿನಲ್ಲಿ ಬರೆಯುತ್ತದೆ. ಫೈಲನ್ನು ಬೈನರಿ ಬಗೆಯಲ್ಲಿ ತೆರೆಯಿರಿ, ಓದಿದ ಬೈಟುಗಳನ್ನೇ ಎಣಿಸಿ.

ಕಳುಹಿಸಲು ಪೈಥಾನಿನ ‘ಸೆಂಡ್’ ಬಳಸುತ್ತಿದ್ದರೆ ‘ಸೆಂಡ್ಆಲ್’ಗೆ ಬದಲಿಸಿ. ಕೊಟ್ಟದ್ದನ್ನೆಲ್ಲ ಕಳುಹಿಸುತ್ತೇನೆಂದು ‘ಸೆಂಡ್’ ಮಾತು ಕೊಡುವುದಿಲ್ಲ, ಎಷ್ಟು ಹೋಯಿತೆಂಬ ಸಂಖ್ಯೆಯನ್ನು ಹಿಂದಿರುಗಿಸಿ ಸುಮ್ಮನಾಗುತ್ತದೆ. ದೊಡ್ಡ ಚಿತ್ರ ಕಳುಹಿಸುವ ದಿನ ಇದು ಕಾಡುತ್ತದೆ.

ಎಲ್ಲ ಹೆಡರ್ ಸರಿಯಿದ್ದೂ ಚಕ್ರ ತಿರುಗುವ ಸಂದರ್ಭ ಇನ್ನೊಂದಿದೆ. ಬ್ರೌಸರ್‌ಗಳು ಮುಂದೆ ಬೇಕಾದೀತೆಂದು ಹೆಚ್ಚುವರಿ ಸಂಪರ್ಕವೊಂದನ್ನು ತೆರೆದು, ಏನೂ ಕಳುಹಿಸದೆ ಇಟ್ಟುಕೊಳ್ಳುವುದುಂಟು. ನಿಮ್ಮ ಸರ್ವರ್ ಒಮ್ಮೆಗೆ ಒಂದೇ ಸಂಪರ್ಕವನ್ನು ನೋಡಿಕೊಳ್ಳುವಂಥದ್ದಾದರೆ, ಅದು ಆ ಮೂಕ ಸಂಪರ್ಕದಿಂದ ಓದಲು ಕಾಯುತ್ತಾ ಕುಳಿತು ನಿಜವಾದ ಕೋರಿಕೆಯನ್ನು ಬಾಗಿಲಲ್ಲೇ ನಿಲ್ಲಿಸಿರುತ್ತದೆ. ಓದುವುದಕ್ಕೆ ಕಾಲಮಿತಿ ಹಾಕಿ, ಅಥವಾ ಪ್ರತಿ ಸಂಪರ್ಕಕ್ಕೂ ಒಂದು ಥ್ರೆಡ್ ಕೊಡಿ. ಲಾಗಿನಲ್ಲಿ ನೀವು ಕೇಳದ ಫೆವಿಕಾನ್ (ಟ್ಯಾಬಿನ ಪುಟ್ಟ ಚಿತ್ರ) ಕೋರಿಕೆ ಕಂಡರೆ ಗಾಬರಿ ಬೇಡ, ಅದನ್ನು ಬ್ರೌಸರ್ ತಾನಾಗಿ ಕೇಳುತ್ತದೆ. ಚೊಕ್ಕವಾದ 404 (‘ಸಿಗಲಿಲ್ಲ’) ಕೊಡಿ.

ಪ್ರಶ್ನೆ: ಕನ್ನಡ ಪುಟ ಪೂರ್ತಿ ಬರುತ್ತಿದೆ, ಆದರೆ ಅಕ್ಷರಗಳ ಬದಲಿಗೆ ತಲೆಯ ಮೇಲೆ ಓರೆ ಗೆರೆಯಿರುವ ರೋಮನ್ ‘ಎ’, ಅದರ ಪಕ್ಕ ಪುಟ್ಟ 2 ಅಥವಾ 3, ಹೀಗೇ ಸಾಲುಸಾಲಾಗಿ. ಸಿಎಸ್‌ಎಸ್ ಕೂಡ ಅನ್ವಯವಾಗುತ್ತಿಲ್ಲ.

ಎರಡಕ್ಕೂ ಕಡತದ ಬಗೆ ಹೇಳುವ ಕಂಟೆಂಟ್-ಟೈಪ್ ಹೆಡರ್ ಕಾರಣ. ಕನ್ನಡದ ಯಾವುದೇ ಸಂಕೇತದ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಹಳೆಯ ಪಶ್ಚಿಮ ಯುರೋಪಿನ ಅಕ್ಷರ ಕೋಷ್ಟಕದಲ್ಲಿ 224 ಎಂದರೆ ಆ ಗೆರೆಯಿರುವ ‘ಎ’, 178 ಮೇಲ್ಬರಹದ 2, 179 ಮೇಲ್ಬರಹದ 3. ನೀವು ವಿವರಿಸಿದ ಚಿತ್ರ ಅದೇ. ಅಂದರೆ ಬೈಟುಗಳು ಕೆಟ್ಟಿಲ್ಲ, ಕನ್ನಡ ಹಾಗೆಯೇ ಇದೆ; ಯಾವ ಕೋಷ್ಟಕದಿಂದ ಓದಬೇಕೆಂದು ಹೇಳುವವರಿಲ್ಲ. ‘ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8’ ಎಂದು ಪೂರ್ತಿ ಬರೆಯಿರಿ. 1999ರ ಆರ್‌ಎಫ್‌ಸಿ 2616, ಚಾರ್‌ಸೆಟ್ ಹೇಳದ ಪಠ್ಯವನ್ನು ಐಎಸ್‌ಒ-8859-1 ಎಂದು ಭಾವಿಸಬೇಕೆಂದಿತ್ತು. 2014ರಲ್ಲಿ ಆ ನಿಯಮ ಹೋಯಿತು, ಆದರೆ ಊಹೆ ಮಾಡುವ ಅಭ್ಯಾಸ ಹೋಗಿಲ್ಲ.

ಸಿಎಸ್‌ಎಸ್ ಫೈಲಿಗೂ ನಿಮ್ಮ ಸರ್ವರ್ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದೇ ಹೇಳುತ್ತಿದೆ. ಡಾಕ್‌ಟೈಪ್ ಇರುವ ಪುಟದಲ್ಲಿ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಫೈಲಿನ ಕೊನೆಯ ಹೆಸರು ನೋಡಿ ತಕ್ಕ ಬಗೆ ಹೇಳುವ ಪುಟ್ಟ ಕೋಷ್ಟಕ ಬರೆದುಕೊಳ್ಳಿ.

ಪ್ರಶ್ನೆ: ಹೆಡರ್ ತಿದ್ದಿ ಸರ್ವರನ್ನು ಮತ್ತೆ ಶುರು ಮಾಡಿದರೂ ಬ್ರೌಸರ್ ಹಳೆಯದನ್ನೇ ತೋರಿಸುತ್ತದೆ. ಸರ್ವರ್ ನಿಲ್ಲಿಸಿದ ಮೇಲೂ ಮೊದಲ ವಿಳಾಸ ತಾನಾಗಿ ಎರಡನೆಯ ವಿಳಾಸಕ್ಕೆ ಹೋಗುತ್ತದೆ!

ನೀವು 301 ಕಳುಹಿಸಿದ್ದೀರಿ. ಅದರ ಅರ್ಥ ‘ಶಾಶ್ವತವಾಗಿ ಸ್ಥಳಾಂತರ’, ಬ್ರೌಸರ್ ಅದನ್ನು ನೆನಪಿಟ್ಟುಕೊಂಡಿದೆ, ನಿಮ್ಮ ಸರ್ವರನ್ನು ಈಗ ಕೇಳುವುದೇ ಇಲ್ಲ. ಪ್ರಯೋಗದ ದಿನಗಳಲ್ಲಿ 302 (ತಾತ್ಕಾಲಿಕ ಸ್ಥಳಾಂತರ) ಬಳಸಿ. ಈಗ ಅಂಟಿಕೊಂಡದ್ದನ್ನು ಬ್ರೌಸರಿನ ಕ್ಯಾಶ್ ಅಳಿಸಿ ಬಿಡಿಸಿಕೊಳ್ಳಿ, ಮತ್ತು ತಿದ್ದುವಷ್ಟು ಕಾಲವೂ ಪ್ರತಿ ಉತ್ತರಕ್ಕೆ ‘ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್’ ಹಾಕಿ. ಏನೂ ಹೇಳದೆ, ಕೊನೆಯ ಬದಲಾವಣೆಯ ದಿನಾಂಕ ಹೇಳುವ ಲಾಸ್ಟ್-ಮಾಡಿಫೈಡ್ ಮಾತ್ರ ಕಳುಹಿಸಿದರೆ ಬ್ರೌಸರ್ ತಾನೇ ಒಂದು ಅವಧಿ ಊಹಿಸಿ ಹಳೆಯ ಪ್ರತಿಯನ್ನು ಬಳಸಬಹುದು; ನಿಯಮ ಅದಕ್ಕೆ ಅವಕಾಶ ಕೊಡುತ್ತದೆ.

ಆ ಲಾಸ್ಟ್-ಮಾಡಿಫೈಡ್ ಬರೆಯುವುದಾದರೆ ದಿನಾಂಕದ ರೂಪವನ್ನು ಕಟ್ಟುನಿಟ್ಟಾಗಿ ಪಾಲಿಸಿ: ‘ಸನ್, 06 ನವ್ 1994 08:49:37 ಜಿಎಂಟಿ’. ಇದು ಆರ್‌ಎಫ್‌ಸಿಯೇ ಕೊಡುವ ಉದಾಹರಣೆ. ವಾರ, ತಿಂಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು, ಸಮಯ ಜಿಎಂಟಿಯಲ್ಲೇ ಇರಬೇಕು. ಗಣಕದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿ, ಪ್ರೋಗ್ರಾಮಿನಲ್ಲೂ ಆ ಲೊಕೇಲನ್ನು ಚಾಲೂ ಮಾಡಿದವರಿಗೆ ಸ್ಟ್ರ್‌ಎಫ್‌ಟೈಮ್ ಕನ್ನಡದ ವಾರದ ಹೆಸರು ಕೊಡುತ್ತದೆ. ಪರದೆಯ ಮೇಲೆ ಅದು ಸಂತೋಷ, ಹೆಡರಿನಲ್ಲಿ ದೋಷ. ಪೈಥಾನಿನಲ್ಲಿ ಇಮೇಲ್.ಯುಟಿಲ್ಸ್ ಮಾಡ್ಯೂಲಿನ ಫಾರ್ಮ್ಯಾಟ್‌ಡೇಟ್ ಈ ಕೆಲಸವನ್ನು ಸರಿಯಾಗಿ ಮಾಡುತ್ತದೆ, ‘ಯೂಸ್‌ಜಿಎಂಟಿ’ ಆಯ್ಕೆಯನ್ನು ಕೊಡಲು ಮರೆಯಬೇಡಿ.

ಪ್ರಶ್ನೆ: ಕಡತ ಇಳಿಸಿಕೊಳ್ಳುವಾಗ ಅದರ ಹೆಸರು ಕನ್ನಡದಲ್ಲಿ ಬರಲಿ ಎಂದು ಕಂಟೆಂಟ್-ಡಿಸ್ಪೊಸಿಷನ್ ಹೆಡರಿನಲ್ಲಿ ಕನ್ನಡ ಬರೆದೆ. ಪೈಥಾನ್ ದೋಷ ಕೊಟ್ಟು ನಿಂತಿತು. ಹೆಡರಿನಲ್ಲಿ ಕನ್ನಡ ಬರೆಯಲು ಆಗುವುದೇ ಇಲ್ಲವೇ?

ಆಗುತ್ತದೆ, ಮತ್ತು ನೀವು ಇದನ್ನು ಬಿಡದೆ ಮಾಡಲೇಬೇಕೆಂದು ನನ್ನ ಆಸೆ. ಎಚ್‌ಟಿಟಿಪಿ.ಸರ್ವರ್ ಮಾಡ್ಯೂಲ್ ಹೆಡರ್‌ಗಳನ್ನು ಲ್ಯಾಟಿನ್-1ರಲ್ಲಿ ಎನ್‌ಕೋಡ್ ಮಾಡುತ್ತದೆ, ಆ ಕೋಷ್ಟಕದಲ್ಲಿ ಕನ್ನಡಕ್ಕೆ ಜಾಗವಿಲ್ಲ, ಆದ್ದರಿಂದ ದೋಷ. ಇದಕ್ಕೆಂದೇ ಒಂದು ದಾರಿಯನ್ನು ಗೊತ್ತುಮಾಡಲಾಗಿದೆ, ಅದರ ಈಗಿನ ರೂಪ 2017ರ ಆರ್‌ಎಫ್‌ಸಿ 8187ರಲ್ಲಿದೆ. ಫೈಲ್‌ನೇಮ್ ಎಂಬ ಪದದ ಕೊನೆಗೆ ಒಂದು ನಕ್ಷತ್ರ ಚಿಹ್ನೆ, ಸಮ ಚಿಹ್ನೆ, ಯುಟಿಎಫ್-8, ಎರಡು ಒಂಟಿ ಉದ್ಧರಣ ಚಿಹ್ನೆ, ಆಮೇಲೆ ಹೆಸರಿನ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಮತ್ತು ಹದಿನಾರರ ಮಾನದ ಎರಡು ಅಂಕಿ. ‘ನಮಸ್ಕಾರ’ದ 21 ಬೈಟ್ ಹೀಗೆ 63 ಚಿಹ್ನೆಗಳಾಗುತ್ತದೆ, ಉದ್ದ ನೋಡಿ ಹೆದರಬೇಡಿ. ಪೈಥಾನಿನಲ್ಲಿ ಯುಆರ್‌ಎಲ್‌ಲಿಬ್.ಪಾರ್ಸ್‌ನ ಕೋಟ್ ಫಂಕ್ಷನ್ ಇದನ್ನು ಮಾಡಿಕೊಡುತ್ತದೆ. ಹಳೆಯ ಬ್ರೌಸರ್‌ಗಳಿಗಾಗಿ ನಕ್ಷತ್ರವಿಲ್ಲದ ಫೈಲ್‌ನೇಮ್ ಒಂದನ್ನು ಸರಳ ಇಂಗ್ಲಿಷ್ ಅಕ್ಷರಗಳಲ್ಲಿ ಜೊತೆಗೇ ಕೊಡಿ. ಇಳಿಸಿಕೊಂಡ ಕಡತ ತನ್ನ ಕನ್ನಡ ಹೆಸರಿನಿಂದಲೇ ಬಂದು ಕೂರಬೇಕು, ‘ಡೌನ್‌ಲೋಡ್’ ಎಂಬ ಅನಾಮಿಕ ಹೆಸರಿನಿಂದಲ್ಲ.

ಪ್ರಶ್ನೆ: ಪುಟದ ಉದ್ದ ಮುಂಚೆ ತಿಳಿಯದ ಕಾರಣ ಚಂಕ್ಡ್ ಬಗೆಯಲ್ಲಿ, ಅಂದರೆ ತುಂಡು ತುಂಡಾಗಿ, ಕಳುಹಿಸುತ್ತಿದ್ದೇನೆ. ಚಿಕ್ಕ ತುಂಡುಗಳು ಸರಿ, 10 ಬೈಟ್ ಮುಟ್ಟಿದರೆ ಕೆಡುತ್ತದೆ.

9 ಬೈಟಿನವರೆಗೆ ಸರಿ, 10ರಿಂದ ಕೆಡುತ್ತದೆ ಎಂದಾದರೆ ಎಣಿಕೆ ಯಾವ ಮಾನದ್ದು ಎಂಬುದೇ ಪ್ರಶ್ನೆ. ಪ್ರತಿ ತುಂಡಿನ ಮುಂದೆ ಬರೆಯುವ ಉದ್ದ ಹದಿನಾರರ ಮಾನದಲ್ಲಿರಬೇಕು. ನೀವು 21 ಎಂದು ಬರೆದರೆ ಆ ಕಡೆಯವರು 33 ಎಂದು ಓದುತ್ತಾರೆ. 21 ಬೈಟಿಗೆ 15 ಎಂದು ಬರೆಯಬೇಕು. ಕೊನೆಯ ಸೊನ್ನೆಯ ತುಂಡನ್ನೂ ಅದರ ನಂತರದ ಖಾಲಿ ಸಾಲನ್ನೂ ಬಿಡಬೇಡಿ, ಮತ್ತು ಚಂಕ್ಡ್ ಹೇಳಿದ ಮೇಲೆ ಕಂಟೆಂಟ್-ಲೆಂಗ್ತ್ ಹಾಕಬೇಡಿ. ತುಂಡುಗಳನ್ನು ಹಾಗೆಯೇ ನೋಡಲು ಕರ್ಲಿಗೆ ಎರಡು ಹೈಫನ್ ರಾ ಎಂದು ಕೊಡಿ.

ಪ್ರಶ್ನೆ: ಫಾರಂ ಕಳುಹಿಸಿದಾಗ ಕೆಲವೊಮ್ಮೆ ಉತ್ತರ ಬರುತ್ತದೆ, ಕೆಲವೊಮ್ಮೆ ‘ಸಂಪರ್ಕ ಮರುಹೊಂದಿಸಲಾಗಿದೆ’ ಎನ್ನುತ್ತದೆ. ಸರ್ವರಿನ ಲಾಗ್ ನೋಡಿದರೆ ಪ್ರತಿ ಸಲವೂ 200 ಕಳುಹಿಸಿದ್ದೇನೆ. ಹೆಡರ್ ಬೈಟ್ ಬೈಟಾಗಿ ಪರೀಕ್ಷಿಸಿದ್ದೇನೆ.

ನಿಮ್ಮ ಹೆಡರ್ ಸರಿಯಾಗಿದೆ, ತೊಂದರೆ ನೀವು ಓದದೆ ಬಿಟ್ಟದ್ದರಲ್ಲಿ ಇದೆ. ಈ ಬಾರಿಯ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಇದು, ಏಕೆಂದರೆ ತಪ್ಪು ಕಾಣುವ ಜಾಗದಲ್ಲಿ ತಪ್ಪು ಇಲ್ಲ.

ಪೋಸ್ಟ್ ಕೋರಿಕೆಯಲ್ಲಿ ಹೆಡರ್‌ಗಳ ಹಿಂದೆ ಫಾರಂನ ಮಾಹಿತಿ ಬರುತ್ತದೆ. ನೀವು ಒಂದೇ ಸಲ ಓದಿ, ಸಿಕ್ಕ ಹೆಡರ್ ನೋಡಿ, ಉತ್ತರ ಬರೆದು, ಸಾಕೆಟ್ ಮುಚ್ಚುತ್ತೀರಿ. ಟಿಸಿಪಿ ಎಂಬುದು ಬೈಟುಗಳ ಹರಿವು; ಆ ಕಡೆ ಒಂದೇ ಸಲ ಕಳುಹಿಸಿದ್ದು ಈ ಕಡೆ ಎರಡು ಕಂತಿನಲ್ಲಿ ಬರಬಹುದು. ಮಾಹಿತಿ ಮೊದಲ ಕಂತಿನಲ್ಲೇ ಬಂದ ದಿನ ಎಲ್ಲ ಸರಿ. ಎರಡನೆಯ ಕಂತಿನಲ್ಲಿ ಬಂದರೆ ಅದು ಓದದೆ ಬಫರಿನಲ್ಲಿ ಉಳಿದಿರುವಾಗಲೇ ನೀವು ಸಾಕೆಟ್ ಮುಚ್ಚುತ್ತೀರಿ. ಓದದ ಮಾಹಿತಿ ಇರುವ ಸಾಕೆಟ್ ಮುಚ್ಚಿದರೆ ಆಪರೇಟಿಂಗ್ ಸಿಸ್ಟಂ ಸೌಮ್ಯವಾದ ಮುಕ್ತಾಯದ ಬದಲು ರೀಸೆಟ್ ಕಳುಹಿಸುತ್ತದೆ. ರೀಸೆಟ್ ತಲುಪಿದ ಬ್ರೌಸರಿನ ಕಡೆ, ಆಗಲೇ ಬಂದು ಇನ್ನೂ ಓದದೆ ಇದ್ದ ನಿಮ್ಮ 200 ಉತ್ತರವೂ ಬಿಸಾಡಲ್ಪಡಬಹುದು. ನಿಮ್ಮ ಲಾಗ್ ಸುಳ್ಳು ಹೇಳುತ್ತಿಲ್ಲ, ಕಳುಹಿಸಿದ್ದು ನಿಜ. ಆರ್‌ಎಫ್‌ಸಿ 9112 ಈ ಅಪಾಯವನ್ನು ಬಿಡಿಸಿ ಹೇಳುತ್ತದೆ.

13, 10, 13, 10 ಎಂಬ ನಾಲ್ಕು ಬೈಟ್ ಸಿಗುವವರೆಗೆ ಓದುತ್ತಲೇ ಇರಿ, ಅಲ್ಲಿಗೆ ಕೋರಿಕೆಯ ಹೆಡರ್ ಮುಗಿಯಿತು. ಅದರಲ್ಲಿನ ಕಂಟೆಂಟ್-ಲೆಂಗ್ತ್ ಎಷ್ಟು ಹೇಳುತ್ತದೆಯೋ ಅಷ್ಟು ಬೈಟ್ ಮತ್ತೆ ಓದಿ. ಆಮೇಲೆ ಉತ್ತರಿಸಿ. ಮಾಹಿತಿ ಬೇಡವೆಂದು ನಡುವೆಯೇ ತಿರಸ್ಕರಿಸುವುದಾದರೆ ಉತ್ತರ ಬರೆದು, ಬರೆಯುವ ಬದಿಯನ್ನಷ್ಟೇ ‘ಶಟ್‌ಡೌನ್’ ಮಾಡಿ, ಆ ಕಡೆಯವರು ಮುಚ್ಚುವವರೆಗೆ ಒಂದು ಮಿತಿಯೊಳಗೆ ಓದಿ ಬಿಸಾಡುತ್ತಾ ಇದ್ದು, ಕೊನೆಗೆ ‘ಕ್ಲೋಸ್’ ಮಾಡಿ.

ಪ್ರಶ್ನೆ: ಸಿದ್ಧ ಸರ್ವರ್‌ಗಳು ಇಷ್ಟೊಂದು ಇರುವಾಗ ಇದನ್ನೆಲ್ಲ ಕೈಯಿಂದ ಬರೆಯುವುದು ವ್ಯರ್ಥವೆಂದು ಸ್ನೇಹಿತರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಸಾರ್ವಜನಿಕರು ಬಳಸುವ ತಾಣಕ್ಕೆ ಸಿದ್ಧ ಸರ್ವರನ್ನೇ ಬಳಸಿ, ಅದರಲ್ಲಿ ಎರಡು ಮಾತಿಲ್ಲ. ನೀವು ಬರೆದದ್ದು 127.0.0.1 ವಿಳಾಸದಲ್ಲಿ, ನಿಮ್ಮ ಗಣಕದೊಳಗೇ ಇರಲಿ. ಆದರೆ ವ್ಯರ್ಥ ಎಂಬುದನ್ನು ನಾನು ಒಪ್ಪುವುದಿಲ್ಲ. ಮೇಲಿನ ಪತ್ರಗಳನ್ನೇ ನೋಡಿ. ಹಲಂತಕ್ಕೂ ಮೂರು ಬೈಟ್ ಬೇಕೆಂದು ತಿಳಿದವರು ಮುಂದೆ ಡೇಟಾಬೇಸಿನ ಅಂಕಣಕ್ಕೆ ಉದ್ದ ಗೊತ್ತುಮಾಡುವಾಗ ಆ ಉದ್ದ ಬೈಟಿನದೋ ಸಂಕೇತದ್ದೋ ಎಂದು ಕೇಳುತ್ತಾರೆ. ಓದದ ಬೈಟಿನಿಂದ ರೀಸೆಟ್ ಬರುವುದನ್ನು ಕಂಡವರು ದೊಡ್ಡ ವ್ಯವಸ್ಥೆಯ ಲಾಗಿನಲ್ಲಿ ಅದೇ ಸಾಲು ಕಂಡಾಗ ಎಲ್ಲಿ ನೋಡಬೇಕೆಂದು ಬಲ್ಲರು. ಕನ್ನಡದ ತಾಣಗಳನ್ನು ಕಟ್ಟುವವರಲ್ಲಿ ಇಂಥವರು ಹೆಚ್ಚಾಗಬೇಕು.

ಪ್ರಶ್ನೆ: ಎರಡು ಕುಕೀ ಕಳುಹಿಸಲು ಒಂದೇ ಸೆಟ್-ಕುಕೀ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆದೆ, ಒಂದೇ ಉಳಿಯುತ್ತದೆ. ಜೊತೆಗೆ, ಫಾರಂನಲ್ಲಿ ಬಂದ ವಿಳಾಸವನ್ನು ಹಾಗೆಯೇ, ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳುಹಿಸುವ ಲೊಕೇಷನ್ ಹೆಡರಿಗೆ ಹಾಕಬಹುದೇ?

ಪಟ್ಟಿಯ ರೂಪದ ಹೆಡರ್‌ಗಳನ್ನು ಅಲ್ಪವಿರಾಮದಿಂದ ಸೇರಿಸಬಹುದು, ಸೆಟ್-ಕುಕೀ ಮಾತ್ರ ಅದಕ್ಕೆ ಹೊರತು. ಕುಕೀಯ ಅವಧಿ ಹೇಳುವ ದಿನಾಂಕದೊಳಗೇ ಅಲ್ಪವಿರಾಮ ಇರುತ್ತದೆ. ಪ್ರತಿ ಕುಕೀಗೂ ಬೇರೆ ಬೇರೆ ಸಾಲು ಬರೆಯಿರಿ. ಹೆಡರ್‌ಗಳನ್ನು ಡಿಕ್ಷನರಿಯಲ್ಲಿ ಇಟ್ಟಿದ್ದರೆ ಎರಡನೆಯ ಕುಕೀ ಮೊದಲನೆಯದನ್ನು ಅಳಿಸುತ್ತದೆ, ಪಟ್ಟಿಯಲ್ಲಿ ಇಡಿ.

ಎರಡನೆಯದಕ್ಕೆ ಉತ್ತರ: ಖಂಡಿತ ಹಾಕಬಾರದು. ಆ ವಿಳಾಸದೊಳಗೆ ಯಾರಾದರೂ 13, 10 ಬೈಟುಗಳನ್ನು ಸೇರಿಸಿ ಕಳುಹಿಸಿದರೆ ನಿಮ್ಮ ಹೆಡರ್ ಅಲ್ಲಿಗೇ ಮುಗಿದು, ಮುಂದಿನ ಸಾಲು ಅವರು ಬರೆದ ಹೆಡರ್ ಆಗುತ್ತದೆ. ಆ ಜೋಡಿಯನ್ನು ಎರಡು ಸಲ ಹಾಕಿದರೆ ಪುಟವೇ ಅವರದ್ದಾಗುತ್ತದೆ. ಹೆಡರ್ ಸೇರಿಸುವ ನಿಮ್ಮ ಫಂಕ್ಷನ್ನಿನಲ್ಲೇ ಪರೀಕ್ಷೆ ಇಡಿ: ಹೆಡರಿನ ಹೆಸರಿನಲ್ಲಾಗಲಿ ಮೌಲ್ಯದಲ್ಲಾಗಲಿ 13, 10 ಅಥವಾ 0 ಬೈಟ್ ಕಂಡರೆ 400 (‘ತಪ್ಪು ಕೋರಿಕೆ’) ಕೊಟ್ಟು ನಿಲ್ಲಿಸಿ. ಅದಾದ ಮೇಲೆ, ಬಂದ ವಿಳಾಸ ನಿಮ್ಮ ತಾಣದ್ದೇ ಹೌದೇ ಎಂದು ಬೇರೆಯಾಗಿ ನೋಡಿ; ಇಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ಹೆಸರಿನ ಕೊಂಡಿಯಿಂದ ಓದುಗರನ್ನು ಇನ್ನೆಲ್ಲಿಗೋ ಕಳುಹಿಸಬಹುದು.